ಹಾಲ್ ಟಿವಿಯ ಮಿನಿ ಕಂಪ್ಯೂಟರಿಗೆ ಯಾವ ಓಎಸ್? ರಿಮೋಟ್ ಹಿಡಿಯುವವರನ್ನು ಕೇಳಿ

ಟಿವಿ ಪಕ್ಕ ಇಡಲು ಮಿನಿ ಪಿಸಿಯನ್ನೋ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಷ್ಟು ಕಂಪ್ಯೂಟರನ್ನೋ ತಂದಾಯಿತು, ಯಾವ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕುವುದು ಅಂತ ತಲೆ ಕೆಡಿಸಿಕೊಂಡಿದ್ದೀರಾ? ಮನೆಯಲ್ಲಿ ರಿಮೋಟ್ ಜಾಸ್ತಿ ಹೊತ್ತು ಯಾರ ಕೈಯಲ್ಲಿರುತ್ತದೆ, ಅವರು ನೋಡುವುದು ಹಾರ್ಡ್ ಡಿಸ್ಕ್‌ನ ಸಿನಿಮಾನಾ ಓಟಿಟಿನಾ, ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ನಾನು ಇದನ್ನು ಕೇಳಿಕೊಳ್ಳದೆ ನನಗಿಷ್ಟ ಅಂತ ಲಿನಕ್ಸ್ ಮಿಂಟ್ ಅನ್ನುವ, ಮೌಸ್ ಹಿಡಿದು ಬಳಸುವ ಓಎಸ್ ಹಾಕಿದೆ. ಅಪ್ಪ ಕನ್ನಡಕ ಏರಿಸಿ, ಸೋಫಾದ ಕೈ ಮೇಲೆ ಮೌಸ್ ಉಜ್ಜುತ್ತಾ, ಮೂಲೆಯ ಪುಟ್ಟ ಎಕ್ಸ್ ಗುರುತು ಹುಡುಕುತ್ತಿದ್ದರು. ಮೂರನೇ ದಿನ ಮತ್ತೆ ಕೇಬಲ್ಲೇ.

ಸ್ವಂತ ಫೈಲ್‌ಗಳೇ ಜಾಸ್ತಿ ಇದ್ದರೆ ಲಿಬ್ರೆಎಲೆಕ್ ಹಾಕಿ. 2016ರಲ್ಲಿ ಇಂಥದ್ದೇ ಇನ್ನೊಂದು ಓಎಸ್ ಆದ ಓಪನ್ಎಲೆಕ್‌ನಿಂದ ಕವಲೊಡೆದದ್ದು ಇದು, ಉಚಿತ. ಡೆಸ್ಕ್‌ಟಾಪ್ ಅನ್ನುವುದೇ ಇಲ್ಲ, ಆನ್ ಮಾಡಿದರೆ ಸಿನಿಮಾ, ಹಾಡು ಹಾಕುವ ಕೋಡಿ ಅನ್ನುವ ಪ್ಲೇಯರ್ ನೇರ ತೆರೆದುಕೊಳ್ಳುತ್ತದೆ. ಪೈ ಆದರೆ ಎಚ್‌ಡಿಎಂಐ ಸಿಇಸಿ (ಟಿವಿ ರಿಮೋಟ್ ಒತ್ತಿದ್ದನ್ನು ಎಚ್‌ಡಿಎಂಐ ಕೇಬಲ್ ಮೂಲಕವೇ ಪೈಗೆ ತಲುಪಿಸುವ ಸೌಲಭ್ಯ) ಇರುವುದರಿಂದ ಟಿವಿ ರಿಮೋಟೇ ಸಾಕು. ಆದರೆ ಟಿವಿ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ ಅಂತ ಹುಡುಕಿದರೆ ಸಿಗದೇ ಇರಬಹುದು, ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಹೆಚ್ಚಿನ ಮಿನಿ ಪಿಸಿಗಳಲ್ಲಿ ಸಿಇಸಿ ಇರುವುದಿಲ್ಲ, ಅದಕ್ಕೆ ಯುಎಸ್‌ಬಿ ಡಾಂಗಲ್ ಇರುವ ರಿಮೋಟ್ ತಗೊಳ್ಳಿ.

ಮಿನಿ ಪಿಸಿಗೆ ಹಾಕುವಾಗ ಒಂದು ಎಚ್ಚರಿಕೆ. ಇನ್‌ಸ್ಟಾಲರ್ ನೀವು ಆರಿಸಿದ ಡಿಸ್ಕನ್ನು ಪೂರ್ತಿ ಅಳಿಸುತ್ತದೆ. ಹೊರಗಿನ ಹಾರ್ಡ್ ಡಿಸ್ಕ್ ಮೊದಲೇ ಕಿತ್ತಿಡಿ. ತಂಗಿಯ ಮದುವೆ ವಿಡಿಯೋ ಇದ್ದ ಡಿಸ್ಕ್ ಮೇಲೆ ನಾನು ಎಂಟರ್ ಒತ್ತುವುದರಲ್ಲಿದ್ದೆ!

ಹಾಕಿದ ಮೇಲೆ ಮೊದಲ ಕೆಲಸ: ಕೋಡಿಯ ಸೆಟ್ಟಿಂಗ್ಸ್, ಪ್ಲೇಯರ್, ವಿಡಿಯೋಸ್‌ಗೆ ಹೋಗಿ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಅನ್ನು 'ಆನ್ ಸ್ಟಾರ್ಟ್/ಸ್ಟಾಪ್' ಮಾಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಟಿವಿ ಸಾಮಾನ್ಯವಾಗಿ 60. ಲೆಕ್ಕ ಸರಿಹೊಂದದೆ ಕ್ಯಾಮೆರಾ ನಿಧಾನವಾಗಿ ತಿರುಗುವಾಗ ಚಿತ್ರ ಜರ್ಕ್ ಹೊಡೆಯುತ್ತದೆ, ಬಾಕ್ಸೇ ಸ್ಲೋ ಅಂತ ನಾವು ಸುಮ್ನೆ ಬೈಯುತ್ತೇವೆ.

ಓಟಿಟಿ ಮುಖ್ಯ ಅಂದರೆ ಕಥೆಯೇ ಬೇರೆ. ಪೈಗೆ ಆಂಡ್ರಾಯ್ಡ್ ಹಾಕಬಹುದು ನಿಜ, ಆದರೆ ವೈಡ್‌ವೈನ್ ಅನ್ನುವ ಗೂಗಲ್‌ನ ವಿಡಿಯೋ ನಕಲು-ತಡೆ ವ್ಯವಸ್ಥೆಯ ಅತಿ ಮೇಲಿನ ಎಲ್1 ದರ್ಜೆ ಅದಕ್ಕೆ ಇಲ್ಲದ್ದರಿಂದ ನೆಟ್‌ಫ್ಲಿಕ್ಸ್ ಆಪ್‌ನಲ್ಲಿ ಎಚ್‌ಡಿ ಬರುವುದಿಲ್ಲ. ದುಡ್ಡು ಕೊಟ್ಟು ಮಸುಕು ಚಿತ್ರ ಯಾಕೆ ನೋಡಬೇಕು ಹೇಳಿ? ಟಿವಿಯ ಇನ್ನೊಂದು ಎಚ್‌ಡಿಎಂಐಗೆ ಓಟಿಟಿ ನೋಡಲೆಂದೇ ಇರುವ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿಬಿಡಿ.

ವಿಂಡೋಸ್? ಹಾಲ್‌ನಲ್ಲೇ ಬ್ರೌಸರ್, ಆಫೀಸ್ ಕೆಲಸ ಎಲ್ಲ ಬೇಕಿದ್ದರೆ ಮಾತ್ರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11ಕ್ಕೆ ಅರ್ಹವಲ್ಲದ ಹಳೇ ಪೆಟ್ಟಿಗೆ ಮನೆಯಲ್ಲಿದ್ದರೆ ಲಿಬ್ರೆಎಲೆಕ್‌ಗೆ ಅದನ್ನೇ ಬಳಸಿ.

ಇನ್ನೊಂದು ಮಾತು, ಪೈ ಇಟ್ಟವರಿಗೆ. ರಾತ್ರಿ ಮಲಗುವಾಗ ಗೋಡೆಯ ಸ್ವಿಚ್ಚೇ ಆರಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ ಅಲ್ವಾ, ಎಸ್‌ಡಿ ಕಾರ್ಡ್ ಕೆಡುವುದು ಹಾಗೇ. ಕೋಡಿಯ ಪವರ್ ಮೆನುವಿನಲ್ಲೇ ಆಫ್ ಮಾಡಲು ಎಲ್ಲರಿಗೂ ತೋರಿಸಿಕೊಡಿ. ನಮ್ಮ ಮನೆಯಲ್ಲಿ ಹೇಳಿ ಸಾಕಾಗಿ ಸ್ವಿಚ್ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ.