ಹಂಟಿಂಗ್ಟನ್ ಕಾಯಿಲೆ ಇದ್ದವರ ತೂಕ ಇಳಿಯದಂತೆ ನೋಡಿಕೊಳ್ಳುವುದು ಹೇಗೆ?

ಹಂಟಿಂಗ್ಟನ್ ಅನ್ನೋದು ಮಿದುಳಿನ ನರಕೋಶಗಳು ಮೆಲ್ಲಗೆ ನಾಶವಾಗುವ, ವಂಶದಲ್ಲಿ ಬರುವ ಕಾಯಿಲೆ. ಅದರ ಮಾತು ಬಂದರೆ ಎಲ್ಲರ ಕಣ್ಣೂ ತಾನಾಗಿ ಆಡುವ ಕೈಕಾಲಿನ ಮೇಲೇ. ತೂಕದ ಕಡೆ ಗಮನ ಹೋಗುವಷ್ಟರಲ್ಲಿ ಬಟ್ಟೆ ದೊಗಳೆಯಾಗಿರುತ್ತದೆ. ಹೊಟ್ಟೆ ತುಂಬ ತಿಂದರೂ ಸೊರಗುತ್ತಾರೆ, ಮನೆಯವರು ಮಾತ್ರ 'ಸರಿಯಾಗಿ ತಿನ್ನಲ್ಲ' ಅಂತ ಸುಮ್ನೆ ಬೈಯುತ್ತಿರುತ್ತಾರೆ.

ಇದು ತಿನ್ನುವ ಅಭ್ಯಾಸದ ದೋಷ ಅಲ್ಲ. 4ನೇ ಕ್ರೋಮೋಸೋಮ್‌ನ ಒಂದು ಜೀನ್‌ನಲ್ಲಿ ಸಿಎಜಿ ಅನ್ನೋ ಡಿಎನ್‌ಎ ತುಣುಕು ಜಾಸ್ತಿ ಸಲ ಬಂದಿರುವುದರಿಂದ ಈ ಕಾಯಿಲೆ ಬರುತ್ತದೆ. ಅದರಿಂದ ತಯಾರಾಗುವ ಕೆಟ್ಟ ಪ್ರೋಟೀನ್ ಮಿದುಳಿನಲ್ಲಷ್ಟೇ ಇರುವುದಿಲ್ಲ, ಸ್ನಾಯುವಿನಲ್ಲೂ ಇರುತ್ತದೆ, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾಗಳ ಕೆಲಸವನ್ನೂ ಕೆಡಿಸುತ್ತದೆ. ಕೈಕಾಲು ಆಡುವುದಕ್ಕೂ ಮೊದಲೇ ಕೆಲವರ ತೂಕ ಇಳಿಯೋಕೆ ಶುರುವಾಗಿರುತ್ತದೆ. ಸಿಎಜಿ ಸಂಖ್ಯೆ ದೊಡ್ಡದಿದ್ದಷ್ಟೂ ಇಳಿಕೆ ಜೋರು.

ಆದ್ದರಿಂದ ತೂಕ ಚೆನ್ನಾಗಿರುವಾಗಲೇ ಬರೆದಿಡೋಕೆ ಶುರು ಮಾಡಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಒಂದೇ ತಕ್ಕಡಿಯಲ್ಲಿ. ಇಳಿಯುತ್ತಿದ್ದರೆ ಡಾಕ್ಟರಿಗೆ ಆ ಪಟ್ಟಿ ತೋರಿಸಿ, ಥೈರಾಯ್ಡ್, ಸಕ್ಕರೆ, ಹಲ್ಲುನೋವು, ಖಿನ್ನತೆ, ಮಾತ್ರೆಗಳ ಅಡ್ಡಪರಿಣಾಮ ಇವನ್ನೂ ನೋಡಿಸಿ, ಎಲ್ಲವನ್ನೂ ಹಂಟಿಂಗ್ಟನ್ ತಲೆಗೆ ಕಟ್ಟಬೇಡಿ.

ಊಟದ ಪ್ರಮಾಣ ಹೆಚ್ಚಿಸುವುದಕ್ಕಿಂತ ಅದೇ ಊಟದಲ್ಲಿ ಕ್ಯಾಲೊರಿ ಹೆಚ್ಚಿಸುವುದು ಸುಲಭ. ಬೆಣ್ಣೆ, ಎಣ್ಣೆ, ಕೆನೆ, ಹಾಲಿನ ಪುಡಿ ಬೆರೆಸಿ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಕೆಲವರಿಗೆ ದಿನಕ್ಕೆ 4000 ಕ್ಯಾಲೊರಿಯೂ ಬೇಕಾಗುತ್ತದೆ, ಅಷ್ಟನ್ನು ಮೂರು ಹೊತ್ತಿನಲ್ಲಿ ತಿನ್ನೋಕೆ ಯಾರಿಗೂ ಆಗಲ್ಲ ಅಲ್ವಾ? ಸಕ್ಕರೆ ಕಾಯಿಲೆಯೂ ಇದ್ದರೆ ಮೊದಲು ಡಯಟೀಷಿಯನ್ ಹತ್ತಿರ ಮಾತಾಡಿ.

ನನ್ನ ಪ್ರಕಾರ ಅತಿ ಹೆಚ್ಚು ಎಚ್ಚರ ಬೇಕಾಗಿರುವುದು ನುಂಗುವ ವಿಷಯದಲ್ಲಿ. ಟಿವಿ ಆಫ್ ಮಾಡಿ, ನೆಟ್ಟಗೆ ಕೂರಿಸಿ, ಬಾಯಲ್ಲಿ ತುತ್ತು ಇರುವಾಗ ಮಾತಾಡಿಸಬೇಡಿ. ಗಬಗಬ ತುಂಬಿಕೊಳ್ಳುವವರಿಗೆ ಚಿಕ್ಕ ಚಮಚ ಕೊಡಿ, ಒಂದು ತುತ್ತು ಪೂರ್ತಿ ಇಳಿದ ಮೇಲೇ ಇನ್ನೊಂದು. ತಟ್ಟೆಯ ಕೆಳಗೆ ಜಾರದ ಮ್ಯಾಟ್ ಹಾಕಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನೀರು ಕುಡಿದ ಕೂಡಲೇ ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ, ಅದು ಗಾಳಿಕೊಳವೆಗೆ ಹೋಗುತ್ತಿರಬಹುದು. ಹಾಗೇ ಬಿಟ್ಟರೆ ನ್ಯುಮೋನಿಯಾ ಆಗಬಹುದು. ಸ್ಪೀಚ್ ಥೆರಪಿಸ್ಟ್ ನುಂಗುವುದನ್ನು ಪರೀಕ್ಷೆ ಮಾಡಿ ಊಟ, ನೀರು ಎಷ್ಟು ಗಟ್ಟಿ, ಎಷ್ಟು ತೆಳು ಇರಬೇಕು ಅಂತ ಹೇಳುತ್ತಾರೆ.

ನುಂಗೋಕೆ ಆಗದಾಗ ಆಹಾರ ಕೊಡೋಕೆ ಹೊಟ್ಟೆಗೆ ನೇರ ಟ್ಯೂಬ್ ಹಾಕಿಸುವ ಮಾತನ್ನು ಮುಂದೂಡಬೇಡಿ. ಬೇಕೋ ಬೇಡವೋ ಅನ್ನುವುದನ್ನು ಕಾಯಿಲೆ ಇರುವವರೇ ಹೇಳಬೇಕು, ಅವರಿಗೆ ಮಾತು ಸ್ಪಷ್ಟ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.