ಒಂದೇ ಬಾಟ್ಲಿ, 15 ನಿಮಿಷ: ಹಾಲುಜ್ವರದಲ್ಲಿ ನನ್ನ ಅನುಭವ

ನನ್ನ ಕೈಯಲ್ಲಿ ಸತ್ತ ಮೊದಲ ಹಾಲುಜ್ವರದ ಹಸುವನ್ನು ಕೊಂದಿದ್ದು ನಾನೇ. ಕರು ಹಾಕಿದ ಹಸುವಿನ ಕ್ಯಾಲ್ಸಿಯಂ ಹಾಲಿಗೆ ಹೋಗಿ ರಕ್ತದಲ್ಲಿ ಕಡಿಮೆಯಾದಾಗ ಬರೋದು ಹಾಲುಜ್ವರ. ಈ ಹಸು ಕರು ಹಾಕಿ ಒಂದು ದಿನ ಆಗಿತ್ತು. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು. ಕಿವಿ ತಣ್ಣಗೆ, ಮೂತಿ ಒಣಗಿ ಬಿರುಸಾಗಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಕತ್ತಿನ ರಕ್ತನಾಳಕ್ಕೆ ದಪ್ಪ ಸೂಜಿ ಹಾಕಿ, ಕ್ಯಾಲ್ಸಿಯಂ ಬಾಟ್ಲಿಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದೆ. ಇನ್ನೊಂದು ಕಡೆ ಮತ್ತೊಂದು ಹಸು ಕಾಯ್ತಾ ಇತ್ತು, ಅವಸರ. ನಾಲ್ಕೈದು ನಿಮಿಷದಲ್ಲಿ ಬಾಟ್ಲಿ ತಳಕ್ಕೆ ಬಂತು. ಎರಡು ಬೆರಳಿನಷ್ಟು ಉಳಿದಿದ್ದಾಗ ಹಸು ಒಮ್ಮೆ ಕಾಲು ಝಾಡಿಸಿತು, ಬಾಯಿ ತೆರೆಯಿತು, ಹೋಯಿತು. ಮನೆಯವರು ನನ್ನನ್ನು ಬೈಯಲಿಲ್ಲ. 'ತಡವಾಗಿ ಕರೆದ್ವಿ' ಅಂತ ತಮ್ಮನ್ನೇ ಬೈದುಕೊಂಡರು. ಅದನ್ನು ಕೇಳಿಸಿಕೊಂಡು ಸುಮ್ಮನೆ ಬಂದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಕ್ಯಾಲ್ಸಿಯಂ ರಕ್ತಕ್ಕೆ ಬೇಗ ಹೋದರೆ ಹೃದಯ ನಿಂತುಬಿಡಬಹುದು. ಅವತ್ತು ಸ್ಟೆತಸ್ಕೋಪ್ ಚೀಲದಲ್ಲೇ ಇತ್ತು. ಈಗ ಅದು ಕಿವಿಗೆ ಬರದೆ ಸೂಜಿ ಹೊರಗೆ ಬರಲ್ಲ.

ಲೆಕ್ಕ ನಿಮಗೆಲ್ಲ ಗೊತ್ತಿರೋದೇ. ಸುಮಾರು 45 ಕಿಲೋ ತೂಕಕ್ಕೆ 1 ಗ್ರಾಂ ಕ್ಯಾಲ್ಸಿಯಂ, ನಿಮಿಷಕ್ಕೆ 1 ಗ್ರಾಂಗಿಂತ ಜಾಸ್ತಿ ಹೋಗಬಾರದು. ಶೇಕಡಾ 25ರ, 450 ಮಿಲಿಯ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಬಾಟ್ಲಿಯಲ್ಲಿ ಒಂಬತ್ತು ಗ್ರಾಂ ಹತ್ತಿರ ಇರುತ್ತದೆ. ಅಂದರೆ ಸಾಧಾರಣ ಹಸುವಿಗೆ ಒಂದು ಬಾಟ್ಲಿ ಸಾಕು, ಅದಕ್ಕೆ ಹತ್ತು ನಿಮಿಷವಾದರೂ ಬೇಕು. ನಾನು 12ರಿಂದ 15 ನಿಮಿಷ ತಗೊಳ್ತೀನಿ. ಬಾಟ್ಲಿ ಮೇಲೆ ಬರೆದಿರೋ ಶೇಕಡಾ ಮಾತ್ರ ಪ್ರತಿ ಸಲ ಓದಿ. 40ರದ್ದನ್ನು 25ರದ್ದು ಅಂತ ಹಿಡಿದುಕೊಂಡು ಹೋದವರನ್ನು ಕಂಡಿದ್ದೇನೆ.

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದು ತಮಾಷೆ. 'ಏನ್ರೀ, ಬಾಟ್ಲಿ ಹಿಡ್ಕೊಂಡು ನಿದ್ದೆ ಮಾಡ್ತೀರಾ? ಎರಡು ಬಾಟ್ಲಿ ಬಿಡಿ, ಹಸು ಎದ್ದೇಳುತ್ತೆ, ಮನೆಗೆ ಹೋಗಿ.' ಅವರ ಹಸುಗಳು ಏಳುತ್ತಿದ್ದವು ಅನ್ನೋದು ನಿಜ. ಮಾರನೇ ದಿನ ಅದರಲ್ಲಿ ಕೆಲವು ಮತ್ತೆ ಮಲಗುತ್ತಿದ್ದವು ಅನ್ನೋದೂ ನಿಜ. ರಕ್ತಕ್ಕೆ ಒಮ್ಮೆಲೇ ಸುರಿದ ಕ್ಯಾಲ್ಸಿಯಂ ನಾಲ್ಕು ಗಂಟೆಯಲ್ಲಿ ಇಳಿದುಹೋಗುತ್ತದೆ. ರಕ್ತದಲ್ಲಿ ತುಂಬಿ ತುಳುಕುವಾಗ ಹಸುವಿನ ಮೂಳೆಗೆ, ಕರುಳಿಗೆ ತಾವೇ ಕ್ಯಾಲ್ಸಿಯಂ ಒದಗಿಸೋ ದರ್ದೇನು? ನನ್ನ ಹಳೇ ಡೈರಿ ಪುಸ್ತಕದಲ್ಲಿ ಹತ್ತಕ್ಕೆ ಮೂರು ಹಸು ಎರಡು ದಿನದೊಳಗೆ ಮತ್ತೆ ಬಿದ್ದಿವೆ.

ಈಗ ನಾನು ಮಾಡೋದು ಹೀಗೆ. ಬಾಟ್ಲಿಯನ್ನು ಬಿಸಿನೀರಿನ ಬಕೆಟ್‌ನಲ್ಲಿಟ್ಟು ಮೈಬಿಸಿಗೆ ತರ್ತೀನಿ. ಆ ಹೊತ್ತಿಗೆ ಹಸುವನ್ನು ಎದೆ ಮೇಲೆ ಕೂರಿಸಿ, ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತು ಕೊಡಿಸ್ತೀನಿ. ಸೂಜಿ ನಾಳದಲ್ಲಿ ಸರಿಯಾಗಿ ಕೂತಿದೆಯಾ ಅಂತ ಎರಡು ಸಲ ನೋಡ್ತೀನಿ. ಹೊರಗೆ ಸೋರಿದರೆ ಕತ್ತು ಊದಿಕೊಳ್ಳುತ್ತದೆ, ಆಮೇಲೆ ಆ ನಾಳ ನಿಮಗೆ ಸಿಗಲ್ಲ. ಎಡಗೈಯಲ್ಲಿ ಬಾಟ್ಲಿ, ಬಲಗೈಯಲ್ಲಿ ಎದೆಗೆ ಸ್ಟೆತಸ್ಕೋಪ್. ಮೊದಲು ಬಡಿತ ಎಲ್ಲೋ ದೂರದಿಂದ ಕೇಳಿದ ಹಾಗೆ, ಬೇಗ ಬೇಗ, ನೂರರ ಹತ್ತಿರ ಇರುತ್ತದೆ. ಅರ್ಧ ಬಾಟ್ಲಿ ಹೋಗುವಷ್ಟರಲ್ಲಿ ಅದು ಹತ್ತಿರ ಬರುತ್ತದೆ. ಗಟ್ಟಿಯಾಗುತ್ತದೆ, ನಿಧಾನ ಆಗುತ್ತದೆ. ಪಕ್ಕೆಯ ಮಾಂಸ ಸಣ್ಣಗೆ ನಡುಗತೊಡಗುತ್ತದೆ. ಒಂದು ತೇಗು ಬರುತ್ತದೆ. ಒಣಗಿದ್ದ ಮೂತಿ ಮೇಲೆ ಸಾಸಿವೆ ಕಾಳಿನಷ್ಟು ಬೆವರ ಹನಿ ಮೂಡುತ್ತವೆ. ಎಷ್ಟು ಸಲ ನೋಡಿದರೂ ನನಗೆ ಅದು ಸಾಕಾಗಿಲ್ಲ.

ಬಡಿತ ಒಂದು ತಪ್ಪಿತೋ, ತೀರಾ ನಿಧಾನ ಆಯಿತೋ, ಬಾಟ್ಲಿ ಕೆಳಗಿಳಿಸಿ ಕ್ಲಾಂಪ್ ಬಿಗಿ ಮಾಡ್ತೀನಿ. ಲಯ ಸರಿಯಾದ ಮೇಲೆ ಮುಂಚಿಗಿಂತ ನಿಧಾನವಾಗಿ ಮತ್ತೆ ಶುರು. ಸರಿಯಾಗದಿದ್ದರೆ ಅಲ್ಲಿಗೇ ಮುಕ್ತಾಯ, ಉಳಿದದ್ದು ನಾಳಕ್ಕೆ ಹೋಗಲ್ಲ. 'ಇನ್ನು ಸ್ವಲ್ಪ ಅಷ್ಟೇ ಇದೆ, ಬಿಟ್ಟುಬಿಡಿ ಸಾರ್' ಅಂತ ಮನೆಯವರು ಹೇಳ್ತಾರೆ, ಕೇಳಬೇಡಿ. ನಾನು ಕೊಂದ ಹಸು ಆ ಸ್ವಲ್ಪದಲ್ಲೇ ಸತ್ತಿದ್ದು.

ಎರಡನೇ ಬಾಟ್ಲಿ ನಾಳಕ್ಕೆ ಕೊಡೋದನ್ನೇ ನಿಲ್ಲಿಸಿದ್ದೇನೆ. ಹಸು ಎದ್ದು ನಿಂತು, ಸರಿಯಾಗಿ ನುಂಗ್ತಾ ಇದೆ ಅಂತ ಖಾತ್ರಿಯಾದ ಮೇಲೆ ಬಾಯಿಗೆ ಕ್ಯಾಲ್ಸಿಯಂ ಒಂದು ಸಲ, 12 ಗಂಟೆ ಬಿಟ್ಟು ಇನ್ನೊಂದು ಸಲ. ಈಗ ಮತ್ತೆ ಬೀಳೋದು ಹತ್ತಕ್ಕೆ ಒಂದು, ಕೆಲವು ಸಲ ಅದೂ ಇಲ್ಲ. ಮಲಗಿರೋ ಹಸುವಿನ ಬಾಯಿಗೆ ಮಾತ್ರ ಏನನ್ನೂ ಹುಯ್ಯಬೇಡಿ. ನಾನು ಹೋಗೋ ಮುಂಚೆ ಯಾರೋ ಒಂದು ಬಾಟ್ಲಿ ಕುಡಿಸಿದ್ದ ಹಸು, ಕ್ಯಾಲ್ಸಿಯಂ ಕೊಟ್ಟ ಮೇಲೆ ಎದ್ದಿತು, ನಾಲ್ಕನೇ ದಿನ ಶ್ವಾಸಕೋಶ ಕೆಟ್ಟು ಸತ್ತಿತು.

ಇನ್ನೊಂದು ತಪ್ಪನ್ನೂ ಹೇಳಿಬಿಡ್ತೀನಿ. ಸ್ವಲ್ಪ ತೂರಾಡ್ತಾ ನಿಂತೇ ಇರೋ ಹಸುವಿಗೆ 'ಯಾಕೆ ರಿಸ್ಕ್' ಅಂತ ನಾಳಕ್ಕೆ ಬಾಟ್ಲಿ ಕೊಡ್ತಿದ್ದೆ. ಮಾರನೇ ದಿನ ಅವೇ ಹಸುಗಳು ಮಲಗಿದವು ಅಂತ ಫೋನ್ ಬರುತ್ತಿತ್ತು. ಈಗ ನಿಂತ ಹಸುವಿಗೆ ಬಾಯಿಗಷ್ಟೇ.

ಕೆಚ್ಚಲು ಮುಟ್ಟದೆ ಬಾಟ್ಲಿ ಕಟ್ಟಬೇಡಿ. ಇದು ನನಗೆ ಎರಡನೇ ಹಸುವಿನ ಸಾವು ಕಲಿಸಿದ್ದು. ಕರು ಹಾಕಿತ್ತು, ಮಲಗಿತ್ತು, ಮೈ ತಣ್ಣಗಿತ್ತು. ಹಾಲುಜ್ವರ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಹೆಸರಲ್ಲಿ ಜ್ವರ, ಮೈ ತಣ್ಣಗೆ, ಅದು ಸರಿ. ಆದರೆ ಒಂದು ಮೊಲೆಯಿಂದ ಹಿಂಡಿದರೆ ಬಂದಿದ್ದು ಹಳದಿ ನೀರು. ಕೆಚ್ಚಲು ಬಾವಿನ ನಂಜು ಏರಿದ್ದ ಹೃದಯ ನಿಧಾನವಾಗಿ ಕೊಟ್ಟ ಕ್ಯಾಲ್ಸಿಯಂನನ್ನೂ ತಡೆಯಲಿಲ್ಲ.

ದುಡ್ಡಿನ ಮಾತು. ನಾನು ಖರ್ಚನ್ನು ಹಾಲಿನ ಲೆಕ್ಕದಲ್ಲೇ ಹೇಳ್ತೀನಿ, ಹಸು ಇಟ್ಟವರಿಗೆ ಅದು ಬೇಗ ಅರ್ಥ ಆಗುತ್ತದೆ. ಬಾಟ್ಲಿ ಮತ್ತು ಬಾಯಿಯ ಔಷಧ ಸೇರಿ ಆ ಹಸುವಿನ ಒಂದು ದಿನದ ಹಾಲು, ತಪ್ಪಿದರೆ ಒಂದೂವರೆ ದಿನದ್ದು. ಮತ್ತೆ ಮಲಗಿದರೆ ಇನ್ನೊಂದು ಬಾಟ್ಲಿ, ನನ್ನ ಫೀಸು, ರಾತ್ರಿ ಓಡಾಟ. ಹಸು ಅರ್ಧ ದಿನ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ತೊಡೆಯ ಮಾಂಸವೂ ಕೆಟ್ಟಿರುತ್ತದೆ. ಆಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಸರಿ ಹೋದರೂ ಏಳಲ್ಲ. ಹೋಗೋದು ಇಡೀ ಹಸು. ನನಗೂ ನಷ್ಟವೇ: ಎರಡನೇ ಭೇಟಿಗೆ ಫೀಸು ಕೇಳೋಕೆ ನನಗೆ ಬಾಯಿ ಬರಲ್ಲ.

ಮಧ್ಯೆ ಸ್ವಲ್ಪ ದಿನ ಚರ್ಮದಡಿ ಕೊಡೋ ಹುಚ್ಚು ಹಿಡಿದಿತ್ತು. ಹೃದಯಕ್ಕೆ ಸುರಕ್ಷಿತ, ನಿಜ. ಆದರೆ ಒಂದೇ ಕಡೆ ಇಡೀ ಬಾಟ್ಲಿ ಹಾಕಿ ತಲೆದಿಂಬಿನಂಥ ಗಂಟು ಮಾಡಿದೆ. ಆಮೇಲೆ ಒಂದು ಜಾಗಕ್ಕೆ 50ರಿಂದ 75 ಮಿಲಿ ಅಂತ ಹಂಚಿದೆ, ಪರವಾಗಿಲ್ಲ ಅನ್ನಿಸಿತು. ಆದರೆ ಮೈ ತೀರಾ ತಣ್ಣಗಾಗಿ ಅಡ್ಡ ಬಿದ್ದ ಹಸುವಿನಲ್ಲಿ ಅದು ಸರಿಯಾಗಿ ಹೀರಿಕೊಳ್ಳಲ್ಲ. ಡೆಕ್ಸ್ಟ್ರೋಸ್ ಅನ್ನೋ ಸಕ್ಕರೆ ಬೆರೆತ ಬಾಟ್ಲಿಯನ್ನು ಚರ್ಮದಡಿ ಹಾಕಿದೆ ಒಂದ್ಸಲ, ಕೀವು ಕಟ್ಟಿ ಮೂರು ವಾರ ತೊಳೆದೆ. ಅಲ್ಲಿಗೆ ಆ ಪ್ರಯೋಗ ಮುಗಿಯಿತು.

ಗಾಳಿ ತುಂಬೋ ಹಳೇ ವಿದ್ಯೆ ಬಗ್ಗೆ ಕೇಳಿರ್ತೀರಿ. 1897ರಲ್ಲಿ ಡೆನ್ಮಾರ್ಕಿನ ಸ್ಮಿಟ್ ಕೆಚ್ಚಲಿಗೆ ಔಷಧಿ ನೀರು ತುಂಬಿಸಿ ಹಸುಗಳನ್ನು ಎಬ್ಬಿಸಿದರು, ಆಮೇಲೆ ಬರೀ ಗಾಳಿಯೇ ಸಾಕು ಅಂತ ಗೊತ್ತಾಯಿತು. ಹಾಲು ಇಳಿಯೋದು ನಿಂತರೆ ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತದೆ, ಅಷ್ಟೇ ಗುಟ್ಟು. ನಾನು ಗಾಳಿ ತುಂಬಲಿಲ್ಲ, ಕೆಚ್ಚಲು ಬಾವು ಬರಿಸೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಅದರಿಂದ ಇಷ್ಟು ಮಾತ್ರ ಎತ್ತಿಕೊಂಡೆ: ಮೊದಲ ದಿನ ಕರುವಿಗೆ ಬೇಕಾದಷ್ಟೇ ಹಿಂಡಿಸ್ತೀನಿ.

ಹಾಲುಜ್ವರ ಬಾರದ ಹಾಗೆ, ಕರು ಹಾಕೋ ಮುಂಚಿನ ಮೂರು ವಾರಕ್ಕೆ ಮೇವಿನಲ್ಲಿ ಋಣ ಲವಣ (ರಕ್ತವನ್ನು ಸ್ವಲ್ಪ ಆಮ್ಲದ ಕಡೆ ತಿರುಗಿಸಿ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸೋ ಉಪ್ಪು) ಸೇರಿಸಿ, ಗಂಜಳದ ಆಮ್ಲತೆಯನ್ನು ಪಿಎಚ್ ಕಾಗದದಲ್ಲಿ ನೋಡ್ತಾ, 6ರಿಂದ 7ರ ಮಧ್ಯೆ ಇಡಿಸೋದನ್ನು ಒಂದು ಮನೆಯಲ್ಲಿ ಶುರು ಮಾಡಿದ್ದೇನೆ. ಹಸು ಅದನ್ನು ಮೂಸಿ ಬಿಟ್ಟುಬಿಡುತ್ತದೆ, ರುಚಿ ಇಲ್ಲ. ಬೆಲ್ಲ ಬೆರೆಸಿದ ಮೇಲೆ ತಿನ್ನುತ್ತಿದೆ. ಇನ್ನೂ ನಾಲ್ಕೇ ಹಸು, ಮಾತಾಡೋಕೆ ಸಾಲದು.

ಎದ್ದೇಳೋಕೆ ಹೆದರೋ ಹಸುವನ್ನು ಕೊನೆ ಗಳಿಗೆಯಲ್ಲಿ ಎಬ್ಬಿಸೋಕೆ ನನ್ನದೊಂದು ಉಪಾಯ ಇದೆ. ಬಡಿಯೋದೂ ಅಲ್ಲ, ಬಾಲ ತಿರುಚೋದೂ ಅಲ್ಲ. ಅದನ್ನು ಇಲ್ಲಿ ಬರೆಯಲ್ಲ, ಜೊತೆಗೆ ಬಂದವರಿಗೆ ತೋರಿಸ್ತೀನಿ.

ಹೋದ ತಿಂಗಳು ಆ ಹಿರಿಯರೇ ರಾತ್ರಿ ಫೋನ್ ಮಾಡಿದರು. ಎರಡನೇ ಸಲ ಬಿದ್ದ ಹಸು. 'ಕಿವಿಗೆ ಸ್ಟೆತ್ ಹಾಕ್ಕೊಂಡಿದ್ದೀನಿ ಮಾರಾಯ, ಎಷ್ಟು ನಿಧಾನ ಬಿಡ್ತೀರಿ ನೀವು?' ಅಂದರು. ನಾನು ಫೋನಲ್ಲೇ ನಿಮಿಷ ಎಣಿಸಿದೆ. ಹನ್ನೊಂದನೇ ನಿಮಿಷಕ್ಕೆ ಆ ಕಡೆಯಿಂದ ಹಸು ತೇಗಿದ್ದು ನನಗೂ ಕೇಳಿಸಿತು.