ಹಳೇ ಗಣಿ ನೋಡಲು ಹೊರಟವರು ಹಗೇವು ನೆನಪಿಟ್ಟುಕೊಳ್ಳಿ

ನಮ್ಮ ಮನೆಯ ಪಡಸಾಲೆ ಬಾಗಿಲು ಗಾಳಿಗೆ ಬಡಿಯದಂತೆ ಒಂದು ಗುಂಡುಕಲ್ಲು ಒತ್ತಿಟ್ಟಿದ್ದೇವೆ. ಅಂಗೈ ತುಂಬುವ ಗಾತ್ರ, ಎರಡು ಕಡೆ ಸವೆದು ಚಪ್ಪಟೆಯಾಗಿದೆ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಸರ್ವೆ ವಿಭಾಗಕ್ಕೆ ಸೇರಿದ ಹೊಸತರಲ್ಲಿ, 1979ರಲ್ಲಿ, ಸುತ್ತಲಿನ ಗುಡ್ಡ ಅಲೆಯುವಾಗ ಹಳೇ ಅಗೆತದ ಗುಂಡಿಯೊಂದರ ಪಕ್ಕದಿಂದ ಎತ್ತಿಕೊಂಡು ಬಂದಿದ್ದೆ. ಅವ್ವ ಅದರಲ್ಲಿ ಬೆಳ್ಳುಳ್ಳಿ ಜಜ್ಜಿದಳು, ಮಕ್ಕಳು ಆಡಿದರು. ಇಪ್ಪತ್ತು ವರ್ಷದ ಮೇಲೆ ಮನೆಗೆ ಬಂದ ಇತಿಹಾಸದ ಮೇಷ್ಟ್ರೊಬ್ಬರು ಅದನ್ನು ಕೈಗೆತ್ತಿಕೊಂಡು, ಬೆಣಚುಕಲ್ಲು ಕುಟ್ಟಿ ಚಿನ್ನ ತೆಗೆಯಲು ಪ್ರಾಚೀನರು ಬಳಸಿದ ಕಲ್ಲಿನ ಹಾಗಿದೆ ಎಂದರು. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ: ಎಲ್ಲಿ ಬಿದ್ದಿತ್ತು? ಪಕ್ಕದಲ್ಲಿ ಏನೇನಿತ್ತು? ನನ್ನ ನೆನಪಿನಲ್ಲಿ ಮೂರು ಗುಡ್ಡಗಳು ಕಲಸಿಹೋಗಿದ್ದವು. ನೆಲದಡಿ ಅಂಗುಲದ ಲೆಕ್ಕದಲ್ಲಿ ಜಾಗ ಗುರುತಿಸುವುದೇ ಹೊಟ್ಟೆಪಾಡಾಗಿದ್ದ ನಾನು ಉತ್ತರ ಕೊಡಲಾಗದೆ ಕೂತೆ.

ಈಗ ನಿವೃತ್ತನಾಗಿ ಹಲವು ವರ್ಷ. ರಜೆ ಬಂದರೆ ಹುಡುಗರು ಫೋನ್ ಮಾಡುತ್ತಾರೆ: ‘ಸರ್, ಹಳೇ ಗಣಿ ನೋಡಬೇಕು, ಹೇಗೆ ಹೋಗೋದು?’ ಅವರಿಗೆ ಬಾಯಲ್ಲಿ ಹೇಳುತ್ತಿದ್ದುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಕಟ್ಟಿಗೆ ತುಂಡಿನ ವಿಷಯ. ಹಟ್ಟಿಯಲ್ಲಿ ಪ್ರಾಚೀನರು 600 ಅಡಿಗೂ ಹೆಚ್ಚು ಆಳಕ್ಕೆ ಅಗೆದಿದ್ದರು. ಪಂಪಿಲ್ಲ, ಕರೆಂಟಿಲ್ಲ, ಸಿಡಿಮದ್ದಿಲ್ಲ. ಆ ಹಳೇ ಅಗೆತಗಳಲ್ಲಿ ಉಳಿದಿದ್ದ ಮರವನ್ನು ಇಂಗಾಲದ ಪರೀಕ್ಷೆಗೆ ಕಳಿಸಿದಾಗ ಸುಮಾರು 2000 ವರ್ಷದ ಹಿಂದಿನದು ಎಂದು ತಿಳಿಯಿತು. ಅದು ಮಣ್ಣು ಮೆತ್ತಿದ ಒಣ ಕಟ್ಟಿಗೆ, ಅಷ್ಟೇ. ಕಂಡವರು ಒಲೆಗೆ ಹಾಕಿದ್ದರೆ, ಇಲ್ಲವೇ ಮೇಲಕ್ಕೆ ತಂದು ಎಲ್ಲಿಯದೆಂದು ಮರೆತಿದ್ದರೆ, ನಮ್ಮ ಊರಿನ ಗಣಿಗೆ ವಯಸ್ಸೇ ಇರುತ್ತಿರಲಿಲ್ಲ. ಗಣಿಯಲ್ಲಿ ಕಾಣುವ ವಸ್ತುವಿನ ಬೆಲೆ ಅರ್ಧ ವಸ್ತುವಿನಲ್ಲಿದ್ದರೆ ಇನ್ನರ್ಧ ಅದು ಬಿದ್ದಿರುವ ಜಾಗದಲ್ಲಿದೆ. ನನ್ನ ಗುಂಡುಕಲ್ಲಿನ ಆ ಅರ್ಧವನ್ನು ನಾನೇ ಕಳೆದೆ.

ಹೊರಡುವ ಮೊದಲು ನೆಲ ಯಾರದ್ದೆಂದು ತಿಳಿದುಕೊಳ್ಳಿ. ಗಣಿ ನಿಂತಿದೆ ಎಂದ ಮಾತ್ರಕ್ಕೆ ಅದು ಯಾರದ್ದೂ ಅಲ್ಲದ ಜಾಗವಲ್ಲ. ಹಟ್ಟಿ ಇವತ್ತಿಗೂ ಚಿನ್ನ ತೆಗೆಯುವ ಗಣಿ. ಒಳಗೆ ಕಾಲಿಡಲು ಕಂಪನಿಯ ಲಿಖಿತ ಅನುಮತಿ ಬೇಕು. ಕೋಲಾರದ ಚಿನ್ನದ ಗಣಿ ಕೆಜಿಎಫ್ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು, ಆದರೂ ಗಣಿಗೆ ಇಳಿಯುವ ಬಾವಿಯಂಥ ಶಾಫ್ಟುಗಳ ಸುತ್ತಲಿನ ನೆಲ ಭಾರತ್ ಗೋಲ್ಡ್ ಮೈನ್ಸ್‌ನದೇ. ಗದಗದ ಕಪ್ಪತಗುಡ್ಡದಲ್ಲೂ ಹಳೇ ಚಿನ್ನದ ಅಗೆತಗಳಿವೆ. ಅದು ವನ್ಯಜೀವಿ ಧಾಮ, ಅರಣ್ಯ ಇಲಾಖೆಯನ್ನು ಕೇಳಬೇಕು. ಖಾಸಗಿ ಹೊಲದಲ್ಲಿದ್ದರೆ ಹೊಲದವರ ಮನೆಗೆ ಹೋಗಿ, ಚಹ ಕುಡಿದು, ಯಾಕೆ ಬಂದಿದ್ದೀರೆಂದು ಹೇಳಿ. ನಿಧಿ ಹುಡುಕಲು ಬಂದವರೆಂಬ ಅನುಮಾನ ನಮ್ಮ ಕಡೆ ಬಲು ಬೇಗ ಹುಟ್ಟುತ್ತದೆ. ಆ ಅನುಮಾನಕ್ಕೆ ಕಾರಣವೂ ಇದೆ.

ನಕ್ಷೆ ನೋಡಿ, ಉಪಗ್ರಹದ ಚಿತ್ರವನ್ನೂ ನೋಡಿ. ಆದರೆ ನನ್ನ ಅನುಭವದಲ್ಲಿ ಕುರಿ ಕಾಯುವವರಿಗಿಂತ ದೊಡ್ಡ ನಕ್ಷೆ ಇಲ್ಲ. ಯಾವ ಪೊದೆಯ ಹಿಂದೆ ಗುಂಡಿ ಇದೆ, ಯಾವುದರಲ್ಲಿ ಮರಿ ಬಿದ್ದಿತ್ತು, ಯಾವುದು ಮಳೆಗಾಲದಲ್ಲಿ ಕುಸಿಯಿತು ಎಲ್ಲ ಅವರಿಗೆ ಗೊತ್ತು. ‘ಆ ಬಳ್ಳಾರಿ ಜಾಲಿ ಮೆಳೆ ದಾಟಬ್ಯಾಡ್ರಿ’ ಎಂದರೆ ದಾಟಬೇಡಿ.

ಒಬ್ಬರೇ ಹೋಗಬೇಡಿ, ಮೂವರಾದರೂ ಇರಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ ಎಂದು ಊರಲ್ಲಿ ಉಳಿಯುವ ಒಬ್ಬರಿಗೆ ಬರೆದು ಕೊಡಿ. ಗಟ್ಟಿ ಬೂಟು, ಹೆಲ್ಮೆಟ್, ನೀರು, ಉದ್ದನೆಯ ಕೋಲು, ಅಳತೆ ಟೇಪು, ನೋಟ್‌ಬುಕ್ಕು. ಸುತ್ತಿಗೆ, ಗುದ್ದಲಿ, ಲೋಹಶೋಧಕ ಮನೆಯಲ್ಲೇ ಇರಲಿ. ಮಳೆಗಾಲದಲ್ಲಿ, ಮಳೆ ಮುಗಿದ ಮೊದಲ ತಿಂಗಳಲ್ಲಿ ಹೋಗಲೇಬೇಡಿ. ನೆನೆದ ನೆಲ ಗುಂಡಿಯ ಅಂಚಿನಲ್ಲಿ ತಾನಾಗಿಯೇ ಜಾರಲು ಕಾದಿರುತ್ತದೆ.

ನೆಲವನ್ನು ಓದುವುದು ಹೀಗೆ. ಚಿನ್ನ ಇರುವುದು ಬೆಣಚುಕಲ್ಲಿನ ಪಟ್ಟಿಯಲ್ಲಿ, ಹಳಬರು ಅಗೆದದ್ದೂ ಆ ಪಟ್ಟಿಯ ಗುಂಟವೇ. ಹಾಗಾಗಿ ಗುಂಡಿಗಳು ಸಾಲು ಹಿಡಿದಿರುತ್ತವೆ. ಒಂದು ಗುಂಡಿ ಸಿಕ್ಕರೆ ಅದೇ ನೇರದಲ್ಲಿ ಮುಂದೆ ಇನ್ನೊಂದು ಇದೆ ಎಂದುಕೊಂಡೇ ಹೆಜ್ಜೆ ಇಡಿ. ಪಕ್ಕದಲ್ಲಿ ಬಿಳಿ ಕಲ್ಲುಪುಡಿಯ ಗುಪ್ಪೆ ಇರುತ್ತದೆ. ನೆಲ ತಟ್ಟೆಯಂತೆ ತಗ್ಗಿ, ಅಲ್ಲಿ ಮಾತ್ರ ಹುಲ್ಲು ಹಸಿರಾಗಿದ್ದರೆ ಅದು ಮುಚ್ಚಿಹೋದ ಬಾಯಿ ಇರಬಹುದು. ಕೆಲವು ಬಾಯಿಗಳಿಗೆ ಯಾವಾಗಲೋ ಹಲಗೆ ಹಾಸಿ ಮಣ್ಣು ಎಳೆದಿರುತ್ತಾರೆ. ಹಲಗೆ ಕೊಳೆತಿರುತ್ತದೆ, ಮಣ್ಣು ಹಾಗೇ ನಿಂತಿರುತ್ತದೆ. ಕೋಲಿನಿಂದ ಕುಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬನ್ನಿ. ಬಾಯಿಯ ಅಂಚು ಮೇಲೆ ಗಟ್ಟಿ ಕಂಡರೂ ಅಡಿಯಲ್ಲಿ ಕೊರೆದುಹೋಗಿ ಚಜ್ಜದ ಹಾಗೆ ಚಾಚಿಕೊಂಡಿರುತ್ತದೆ. ಬಗ್ಗಿ ನೋಡುವ ಆಸೆ ಬೇಡ.

ಹೊರಗೆ ತೆರೆದ ಅಗೆತದ ಗೋಡೆಯನ್ನು ದೂರದಿಂದ ನೋಡಿಯೇ ಎರಡು ಕಾಲವನ್ನು ಬೇರೆ ಮಾಡಬಹುದು. ಗೋಡೆಯಲ್ಲಿ ಕೊಳವೆಯನ್ನು ಉದ್ದಕ್ಕೆ ಸೀಳಿದಂಥ ಅರ್ಧವೃತ್ತದ ಗೆರೆಗಳಿದ್ದರೆ ಅದು ಸಿಡಿಮದ್ದಿನ ಕಾಲ. ತೂತು ಕೊರೆದು ಮದ್ದು ತುಂಬಿದ ಗುರುತು ಅದು. ಗೆರೆ ಒಂದೂ ಇಲ್ಲದೆ ಗೋಡೆ ನುಣುಪಾಗಿ, ಬಟ್ಟಲಿನ ಒಳಮೈಯಂತೆ ಬಾಗಿದ್ದರೆ ಬೆಂಕಿಯ ಕೆಲಸವಿರಬಹುದು. ಕಲ್ಲಿಗೆ ಕಟ್ಟಿಗೆ ಒಟ್ಟಿ ಉರಿ ಹಾಕಿ, ಕಾದಾಗ ನೀರು ಎರಚಿ, ಸೀಳಿದ ಚಕ್ಕೆಗಳನ್ನು ಎಬ್ಬಿ ತೆಗೆಯುತ್ತಿದ್ದರು. ಹಟ್ಟಿಯ ಪ್ರಾಚೀನರ ವಿಧಾನ ಇದೇ. ಅಂಥಲ್ಲಿ ಕಾಲಡಿ ಇದ್ದಿಲಿನ ಚೂರು ಕಂಡರೆ ತುಳಿಯಬೇಡಿ, ಕೈಯಲ್ಲಿ ಮುಟ್ಟಬೇಡಿ. ಅದರಿಂದಲೂ ಕಾಲ ಗೊತ್ತುಮಾಡಬಹುದು. ಹತ್ತಿರದ ಬಂಡೆಗಳ ಮೇಲೆ ಒರಳಿನಂಥ ಸಣ್ಣ ಗುಳಿಗಳಿದ್ದರೆ ಅದಿರು ಕುಟ್ಟಿದ ಜಾಗ ಅದು. ನನಗಂತೂ ಶಾಫ್ಟಿಗಿಂತ ಈ ಗುಳಿಗಳ ಮುಂದೆ ಕೂರುವುದು ಇಷ್ಟ. ಯಾರದೋ ಮೊಣಕೈ ಎಷ್ಟು ವರ್ಷ ನೊಂದು ಆ ಗುಳಿ ಆಯಿತೋ.

ಇನ್ನು ಒಳಗೆ ಇಳಿಯುವ ಮಾತು. ಬೇಡ. ಕಂಪನಿಯ ತಿಳಿದವರು, ಗಾಳಿ ಅಳೆಯುವ ಮೀಟರು, ಮೇಲೆ ಕಾಯುವ ಜನ ಇಲ್ಲದೆ ಯಾವ ಹಳೇ ಗಣಿಗೂ ಇಳಿಯಬೇಡಿ, ಅಡ್ಡ ಸುರಂಗಕ್ಕೂ ನುಗ್ಗಬೇಡಿ. ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನೆನಪಿಸಿದರೆ ಸಾಕು. ಹಿಂದೆ ಮನೆಯಂಗಳದಲ್ಲಿ ಜೋಳ ತುಂಬಿಡುವ ನೆಲದಡಿಯ ಕುಣಿ, ಹಗೇವು, ಇರುತ್ತಿತ್ತು. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕಾವು, ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಆಮೇಲೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ಆಳು ಎತ್ತರದ ಕುಣಿಗೇ ಅಷ್ಟು ಎಚ್ಚರ. ಗಣಿಯಲ್ಲಿ ಕೊಳೆಯುವ ಮರವೂ ತುಕ್ಕು ಹಿಡಿಯುವ ಗಂಧಕದ ಅದಿರೂ ಗಾಳಿಯ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಭಾರವಾದ ಇಂಗಾಲದ ಡೈಆಕ್ಸೈಡು ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊರಗಿನ ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕ ಇರುತ್ತದೆ, ಶೇ 10ಕ್ಕಿಂತ ಕೆಳಗಿಳಿದರೆ ಎಚ್ಚರ ತಪ್ಪುತ್ತದೆ. ಹತ್ತಿ ಬರಲು ಸಮಯ ಸಿಗುವುದಿಲ್ಲ. ಮಳೆ ಮೋಡ ಕವಿದು ವಾಯುಭಾರ ಇಳಿದಾಗ ಗಣಿ ತನ್ನ ಕೆಟ್ಟ ಗಾಳಿಯನ್ನು ಹೊರಕ್ಕೆ ಉಸಿರುತ್ತದೆ, ಬೆಳಗ್ಗೆ ಸರಿಯಿದ್ದ ಬಾಯಿ ಮಧ್ಯಾಹ್ನ ಸರಿಯಿರುವುದಿಲ್ಲ. 2020ರಲ್ಲಿ ಕೆಜಿಎಫ್‌ನ ಹಳೇ ಗಣಿಯೊಂದಕ್ಕೆ ಕಳ್ಳತನದಿಂದ ಇಳಿದ ಮೂವರು ಸತ್ತರು. ಬಿದ್ದವನನ್ನು ಎತ್ತಲು ಇನ್ನೊಬ್ಬ ಇಳಿಯುವುದು, ಅವನೂ ಬೀಳುವುದು, ಗಣಿ, ಬಾವಿ, ಹಗೇವು ಎಲ್ಲದರ ಕಥೆಯೂ ಇದೇ. ನಿಮ್ಮ ಗೆಳೆಯ ಬಿದ್ದರೂ ಇಳಿಯಬೇಡಿ, 112ಕ್ಕೆ ಫೋನ್ ಮಾಡಿ, ಮೇಲೆ ನಿಂತು ಕೂಗುತ್ತಿರಿ. ಇದನ್ನು ಬರೆಯುವಾಗ ಕೈ ನಡುಗುತ್ತದೆ, ಆದರೂ ಬರೆಯಲೇಬೇಕು.

ಗಾಳಿ ಒಂದೇ ಅಲ್ಲ. ಕೆಲಸ ನಡೆಯುವ ಗಣಿಯಲ್ಲೇ ನಾವು ದಿನಾ ಕಬ್ಬಿಣದ ರಾಡಿನಿಂದ ಮೇಲ್ಗಡೆ ಬಡಿದು, ಸಡಿಲ ಕಲ್ಲು ಉದುರಿಸಿಯೇ ಮುಂದೆ ಹೋಗುತ್ತಿದ್ದೆವು. ಅದಕ್ಕೆ ಡ್ರೆಸ್ಸಿಂಗ್ ಎನ್ನುತ್ತೇವೆ. ನೂರು ವರ್ಷ ಯಾರೂ ಡ್ರೆಸ್ಸಿಂಗ್ ಮಾಡದ ಛಾವಣಿ ಹೇಗಿರುತ್ತದೆ ನೀವೇ ಯೋಚಿಸಿ. ಪೆನ್ನಿನಂಥ ಲೋಹದ ಸಣ್ಣ ನಳಿಗೆ, ಎಣ್ಣೆ ಬೆವರಿದಂಥ ಕಾಗದದ ಸುರುಳಿ ಹೊರಗಿನ ಗುಪ್ಪೆಯಲ್ಲೂ ಸಿಗಬಹುದು. ಮೊದಲನೆಯದು ಮದ್ದನ್ನು ಸಿಡಿಸುವ ಡಿಟೋನೇಟರ್, ಎರಡನೆಯದು ಹಳೇ ಸಿಡಿಮದ್ದು. ಹಳತಾದಷ್ಟೂ ಅದು ಕೆಟ್ಟದು. ಮುಟ್ಟದೆ ಪೊಲೀಸರಿಗೆ ತಿಳಿಸಿ.

ಕೆಜಿಎಫ್‌ಗೆ ಹೋಗುವವರಿಗೆ ಬೇರೆ ಮಾತು. ನಾನು ಡಿಪ್ಲೊಮಾ ಓದಿದ್ದು ಅಲ್ಲೇ, ಆ ಊರಿನ ಮೇಲೆ ಮನಸ್ಸಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ, ಕೋರಮಂಡಲ, ಊರಗಾಂ, ಚಾಂಪಿಯನ್ ದಾಟುತ್ತ ಕಿಟಕಿಯಲ್ಲಿ ಕೂತರೆ ಅರ್ಧ ಇತಿಹಾಸ ಕಂಡಂತೆ. 1902ರಲ್ಲಿ ಶಿವನಸಮುದ್ರದ ಕರೆಂಟು ಬಂದದ್ದು ಈ ಗಣಿಗಾಗಿ. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಆಳ ಇಳಿದಿತ್ತು. 1965ರಲ್ಲಿ ಅದೇ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸಣ್ಣ ಕಣಗಳನ್ನು ಗುರುತಿಸಿದರು. ಪಂಪು ನಿಂತ ಮೇಲೆ ಆಳವೆಲ್ಲ ನೀರಿನಡಿ ಹೋಗಿದೆ. ಕೆಳಗೆ ನೋಡಲು ಈಗ ಏನೂ ಇಲ್ಲ. ಮೇಲೆ ಶಾಫ್ಟಿನ ಬಾಯಿಯ ಎತ್ತರದ ಚೌಕಟ್ಟುಗಳಾದ ಹೆಡ್‌ಗೇರುಗಳಿವೆ, ಬಂಗಲೆಗಳಿವೆ, ಸ್ಮಶಾನಗಳಿವೆ. ಅವನ್ನು ಬೇಲಿಯ ಈಚೆಯಿಂದ ನೋಡಿ. ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವ ರೂಢಿ ಬೆಳೆದಿದೆ. ಆ ನುಣ್ಣನೆ ದೂಳಿನಲ್ಲಿ ಸಿಲಿಕಾ ಇದೆ, ಗಣಿಗಾರರ ಶ್ವಾಸಕೋಶ ತಿಂದದ್ದೂ ಸಿಲಿಕಾವೇ. ನೀವು ತುಳಿದೆಬ್ಬಿಸಿದ ದೂಳು ಕೆಳಗಿನ ಲೈನ್ ಮನೆಗಳ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳ, ಅಡುಗೆಯ ಮೇಲೆ ಬೀಳುತ್ತದೆ. ಆ ಲೈನ್‌ಗಳಲ್ಲಿ ಇವತ್ತೂ ಸಂಸಾರಗಳಿವೆ. ಒಬ್ಬರ ಬಚ್ಚಲ ಮುಂದೆ ನಿಂತು ‘ಪಾಳು ಊರು’ ಎಂದು ವಿಡಿಯೊ ಮಾಡಬೇಡಿ. ಅಲ್ಲಿಯ ಹಿರಿಯರನ್ನು ಮಾತಾಡಿಸಿ, ತಮಿಳು, ತೆಲುಗು, ಕನ್ನಡ ಮೂರೂ ನಡೆಯುತ್ತದೆ. ಬ್ರಿಟನ್ನಿನ ಕಾರ್ನ್‌ವಾಲಿನಿಂದ ಬಂದ ಗಣಿಗಾರರ ಜೊತೆ ಬಂದ ‘ಕ್ಯಾಪ್ಟನ್’ ಎಂಬ ಪದವಿಯ ಹೆಸರು ಅವರ ಬಾಯಲ್ಲಿ ಕೇಳಬಹುದು.

ವಸ್ತು ಕಂಡಾಗ ಏನು ಮಾಡಬೇಕು? ಹಿತ್ತಾಳೆ ಬಿಲ್ಲೆ ಇರಲಿ, ಟ್ರಾಲಿಯ ಗಾಲಿ ಇರಲಿ, ಕುಟ್ಟುಗಲ್ಲಿರಲಿ, ಇದ್ದಲ್ಲೇ ಇರಲಿ. ಪಕ್ಕದಲ್ಲಿ ಟೇಪು ಬಿಚ್ಚಿಟ್ಟು ಫೋಟೊ ತೆಗೆಯಿರಿ. ಹತ್ತಿರದಿಂದ ಒಂದು, ಸುತ್ತಲಿನ ನೆಲ ಕಾಣುವಂತೆ ಒಂದು, ದೂರದ ಗುಡ್ಡ ಕಾಣುವಂತೆ ಒಂದು. ಫೋನಿನಲ್ಲಿ ಅಕ್ಷಾಂಶ ರೇಖಾಂಶ ನೋಡಿ ಬರೆದುಕೊಳ್ಳಿ. ತೊಳೆಯಬೇಡಿ, ಉಜ್ಜಬೇಡಿ, ಅಕ್ಷರ ಕಾಣಲೆಂದು ಸೀಮೆಸುಣ್ಣ ತುಂಬಬೇಡಿ. ಬಿಲ್ಲೆಯನ್ನು ಕಡಿಮೆ ಎಂದುಕೊಳ್ಳಬೇಡಿ: ಕೆಳಗಿಳಿಯುವಾಗ ಪ್ರತಿಯೊಬ್ಬನಿಗೂ ಒಂದು ನಂಬರಿನ ಬಿಲ್ಲೆ, ಹತ್ತಿ ಬಂದು ಒಪ್ಪಿಸಿದರೆ ಅವನು ಬದುಕಿ ಬಂದ ಲೆಕ್ಕ. ಶಿಫ್ಟ್ ಮುಗಿದ ಮೇಲೆ ಹಲಗೆಯಲ್ಲಿ ಒಂದು ಮೊಳೆ ಖಾಲಿ ಉಳಿದರೆ ನಮ್ಮೆಲ್ಲರ ಎದೆ ಧಸಕ್ ಎನ್ನುತ್ತಿತ್ತು. 100 ವರ್ಷ ದಾಟಿದ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುವಾಗಬಹುದು. ನೆಲದಲ್ಲಿ ಸಿಕ್ಕ ನಿಧಿಗೆ ಬೇರೆ ಕಾನೂನು ಇದೆ. ತಾಲೂಕು ಕಚೇರಿಗೋ ಪುರಾತತ್ತ್ವ ಇಲಾಖೆಗೋ ಫೋಟೊ ಸಮೇತ ಬರೆದು ಕೊಡಿ. ಜಾಲತಾಣದಲ್ಲಿ ಫೋಟೊ ಹಾಕುವುದಾದರೆ ಜಾಗದ ಗುರುತು ತೆಗೆದು ಹಾಕಿ. ನೀವು ಹಾಕಿದ ವಾರಕ್ಕೆ ಗುದ್ದಲಿ ಹಿಡಿದವರು ಅಲ್ಲಿರುತ್ತಾರೆ.

ಕಣ್ಣಿಟ್ಟು ನಡೆಯುವವನಿಗೆ ಏನು ಸಿಗಬಹುದೆಂದು ಹೇಳುತ್ತೇನೆ. 1915ರಲ್ಲಿ ನಮ್ಮ ಮಸ್ಕಿಯಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತ ಬಂದು ಬಂಡೆಯ ಮೇಲೆ ಅಕ್ಷರ ಕಂಡ. ಬೇರೆ ಶಾಸನಗಳಲ್ಲಿ ಬರುವ ದೊರೆಯ ಬಿರುದು ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನ ಅದು. ಬೀಡನ್ ಅದನ್ನು ಒಡೆದು ಒಯ್ಯಲಿಲ್ಲ. ಇವತ್ತೂ ಆ ಬಂಡೆ ಅಲ್ಲೇ ಇದೆ. ಹಳೇ ಗಣಿ ನೋಡುವ ಪ್ರವಾಸವನ್ನು ನಾನು ಹುಡುಗರಿಗೆ ಅಲ್ಲಿಂದಲೇ ಶುರು ಮಾಡಿಸುತ್ತೇನೆ.

ಕಳೆದ ದೀಪಾವಳಿಗೆ ಬಂದಿದ್ದ ಹುಡುಗನೊಬ್ಬ ಒಂದು ಗುಳಿಬಂಡೆಯ ಪಕ್ಕ ಬಿದ್ದಿದ್ದ ಕುಟ್ಟುಗಲ್ಲನ್ನು ಎತ್ತಲು ಬಗ್ಗಿದ. ‘ತಮ್ಮಾ, ಮೊದಲು ಟೇಪು ಬಿಚ್ಚು’ ಎಂದೆ. ಅವನು ಗುಳಿಯಿಂದ ಕಲ್ಲಿಗೆ ಅಳೆದ, 42 ಸೆಂಟಿಮೀಟರ್. ಕಲ್ಲಿನ ಉದ್ದ 11. ಫೋಟೊ ತೆಗೆದ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡ, ಕಲ್ಲನ್ನು ಮುಟ್ಟದೆ ಎದ್ದ. ಆಮೇಲೆ ಹೊತ್ತು ಮುಳುಗುವ ಮೊದಲು ರಸ್ತೆ ಸೇರಬೇಕೆಂದು ಬಂದ ದಾರಿಯಲ್ಲೇ, ಕೋಲು ಕುಟ್ಟುತ್ತ, ಒಬ್ಬರ ಹಿಂದೊಬ್ಬರು ಇಳಿದೆವು.